ಕಾಲ್ ಸೆಂಟರಿನ ಕಿರ್ದಿಯೂ ವರದಿಯೂ

ನಮ್ಮ ಶಾಲೆಯಲ್ಲಿ ಕಲಿತು ಹೊರಗೆ ಹೋದ ಹೆಣ್ಣುಮಕ್ಕಳು ಈಗ ಯಾವ ಯಾವ ಉದ್ಯೋಗಗಳಲ್ಲಿರುವರೆಂದು ಕೇಳುವವರಿಗೆ, ಉಪಾಧ್ಯಾಯಿನಿಯರು, ದಾದಿಯರು, ಬ್ಯಾಂಕಿನ ಗುಮಾಸ್ತೆಯರು ಎಂಬ ಹಳೆಯ ಉತ್ತರವು ಇನ್ನು ಸಾಲದು. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಹಗಲು ಪಾಳಿ, ರಾತ್ರಿ ಪಾಳಿಗಳೆಂದು ದುಡಿಯುವವರೂ ಅವರಲ್ಲಿ ಅನೇಕರಿದ್ದಾರೆ. ಈ ಕೆಲಸದ ವಿಷಯದಲ್ಲಿ ತಾಯಿತಂದೆಗಳಿಗೆ ತಿಳಿದಿರುವುದು ಸ್ವಲ್ಪವೇ. ಕಿವಿಗೆ ಹೆಡ್‌ಸೆಟ್ಟು ಹಾಕಿಕೊಂಡು ಮಾತನಾಡುವುದು, ಅಷ್ಟೇ ಅಲ್ಲವೇ ಎಂದು ಕೆಲವರು ನಮ್ಮನ್ನು ಕೇಳಿದ್ದುಂಟು. ಆದರೆ ತಿಂಗಳ ಕೊನೆಯಲ್ಲಿ ಮಗಳು ಒಂದು ಕಾಗದವನ್ನು ಮುಂದಿಟ್ಟು, "ಅಮ್ಮಾ, ಈ ಸಲ ಇನ್ಸೆಂಟಿವ್ ಬರಲಿಲ್ಲ, ನನ್ನ ಅಂಕಗಳು ಕಡಿಮೆಯಾಗಿವೆಯಂತೆ" ಎಂದು ಹೇಳುವಾಗ, ಆ ಅಂಕಗಳು ಎಲ್ಲಿಂದ ಬಂದವು, ಅವನ್ನು ಕೂಡಿಸಿದವರಾರು ಎಂಬುದು ತಾಯಿಗೆ ಗೊತ್ತಿರುವುದಿಲ್ಲ, ಅನೇಕ ವೇಳೆ ಮಗಳಿಗೂ ಗೊತ್ತಿರುವುದಿಲ್ಲ. ಅಂತಹ ಕಾಗದಗಳನ್ನು ಸಿದ್ಧಮಾಡುವ ಮೇಜಿನ ಹಿಂದೆ ನಾವು ಕೆಲವು ವರ್ಷಗಳನ್ನು ಕಳೆದವರು. ಆದುದರಿಂದ ಕಾಲ್ ಸೆಂಟರಿನ ಡೇಟಾಬೇಸಿನಿಂದ ವರದಿಗಳನ್ನು ತೆಗೆಯತಕ್ಕ ಕ್ರಮವೇನು, ಅದರಲ್ಲಿ ಕಾಲು ಜಾರುವುದೆಲ್ಲಿ ಎಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಅವರ ಹಿರಿಯರಿಗೂ ತಿಳಿಯುವಂತೆ ಬರೆಯಲು ಉದ್ಯುಕ್ತರಾಗಿದ್ದೇವೆ. ಅಂತಹ ಮೇಜಿನ ಹಿಂದೆಯೇ ಈಗ ಕುಳಿತಿರುವ ನಮ್ಮ ಸಹೋದರಿಯರಿಗೂ ಇದರಿಂದ ಏನಾದರೂ ಪ್ರಯೋಜನವಾದರೆ ಸಂತೋಷಪಡುವೆವು.

ಟೆಲಿಫೋನಿನ ಕೆಲಸವೂ ಹೆಂಗಸರ ಉದ್ಯೋಗವೂ ಬಹುಮಟ್ಟಿಗೆ ಜೊತೆಯಾಗಿಯೇ ಬೆಳೆದವು. ೧೮೭೮ನೆಯ ಇಸವಿ ಸೆಪ್ಟೆಂಬರ್ ೧ರಂದು ಅಮೇರಿಕದ ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬವರು ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ ಸೇರಿ, ಆ ಉದ್ಯೋಗ ಹಿಡಿದ ಮೊದಲನೆಯ ಸ್ತ್ರೀ ಎನಿಸಿಕೊಂಡರು. ಅದಕ್ಕೆ ಮುಂಚೆ ಅಲ್ಲಿ ಗಂಡುಹುಡುಗರನ್ನು ಇಟ್ಟುಕೊಳ್ಳುತ್ತಿದ್ದರು. ಅವರ ಒರಟು ಮಾತುಗಳನ್ನು ಚಂದಾದಾರರು ಸಹಿಸಲಾರದೆ ಹೋದರೆಂದು ಹೇಳುತ್ತಾರೆ. ನಮ್ಮ ದೇಶದಲ್ಲಿಯೂ ಪರಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿದ್ದ ಕಾಲದಲ್ಲಿ, ಆಪರೇಟರು ಒಂದೊಂದು ಕರೆಗೂ ಒಂದೊಂದು ಚೀಟಿ ಬರೆಯುತ್ತಿದ್ದರು. ಕೇಳಿದ ನಂಬರು, ಮಾತು ಆರಂಭವಾದ ಹೊತ್ತು, ಮುಗಿದ ಹೊತ್ತು ಇವು ಆ ಚೀಟಿಯಲ್ಲಿದ್ದು, ಅದರ ಮೇಲಿಂದಲೇ ಬಿಲ್ಲು ತಯಾರಾಗುತ್ತಿತ್ತು. ೧೯೬೦ರಲ್ಲಿ ಲಖನೌ ಕಾನ್ಪುರಗಳ ನಡುವೆ ಎಸ್.ಟಿ.ಡಿ. ಏರ್ಪಾಡು ಬಂದಿತು; ಕ್ರಮೇಣ ಅದು ದೇಶದಲ್ಲೆಲ್ಲಾ ಹಬ್ಬಿ ಚೀಟಿಯ ಕಾಲ ಮುಗಿಯಿತು. ಈಗ ಆ ಚೀಟಿಯನ್ನು ಯಂತ್ರವೇ ಬರೆಯುತ್ತದೆ. ಆಪರೇಟರಿಗಿಂತ ಸಾವಿರ ಪಾಲು ಹೆಚ್ಚು ವಿವರವಾಗಿ ಬರೆಯುತ್ತದೆ.

ದೃಷ್ಟಾಂತಕ್ಕಾಗಿ ಆಸ್ಟೆರಿಸ್ಕ್ ಎಂಬ ಟೆಲಿಫೋನ್ ತಂತ್ರಾಂಶವನ್ನು ತೆಗೆದುಕೊಳ್ಳುವೆವು. ಮಾರ್ಕ್ ಸ್ಪೆನ್ಸರ್ ಎಂಬವರು ೧೯೯೯ರಲ್ಲಿ ಇದನ್ನು ಆರಂಭಿಸಿದರು. ಕ್ರಯವಿಲ್ಲದೆ ಪಡೆದು ಉಪಯೋಗಿಸಬಹುದಾದುದರಿಂದ ಲೋಕದ ಅನೇಕ ಸಣ್ಣ ದೊಡ್ಡ ಕಾಲ್ ಸೆಂಟರುಗಳು ಇದರ ಮೇಲೆ ನಿಂತಿವೆ. ಇದರಲ್ಲಿ ಕ್ಯೂ ಲಾಗ್ ಎಂಬ ಒಂದು ದಾಖಲೆಯುಂಟು. ಕರೆದವನೊಬ್ಬನು ಸರತಿಯ ಸಾಲಿಗೆ ಸೇರಿದೊಡನೆ ಅದರಲ್ಲಿ ಒಂದು ಪಂಕ್ತಿ ಬೀಳುವುದು. ಒಬ್ಬ ಏಜೆಂಟಳ ಫೋನು ಮೊಳಗಿಯೂ ಆಕೆ ಎತ್ತದಿದ್ದರೆ ಇನ್ನೊಂದು ಪಂಕ್ತಿ. ಮತ್ತೊಬ್ಬಳು ಎತ್ತಿದರೆ, ಕರೆದವನು ಎಷ್ಟು ಸೆಕೆಂಡು ಕಾದನೆಂಬುದರ ಸಹಿತ ಮತ್ತೊಂದು ಪಂಕ್ತಿ. ಯಾರೂ ಎತ್ತುವುದಕ್ಕೆ ಮುಂಚೆ ಕರೆದವನೇ ಬೇಸತ್ತು ಬಿಟ್ಟುಹೋದರೆ ಅದಕ್ಕೊಂದು ಪಂಕ್ತಿ. ಮಾತು ಮುಗಿದಾಗ ಮೊದಲು ಫೋನನ್ನು ಕೆಳಗಿಟ್ಟವರು ಏಜೆಂಟರೋ ಕರೆದವರೋ ಎಂಬುದನ್ನೂ ಬೇರೆ ಬೇರೆ ಹೆಸರಿನಿಂದ ಬರೆಯುವುದು. ಒಂದೊಂದು ಪಂಕ್ತಿಗೂ ಕರೆಯ ಗುರುತಿನ ಸಂಖ್ಯೆಯೂ, ೧೯೭೦ ಜನವರಿ ೧ರಿಂದ ಲೆಕ್ಕಹಾಕಿದ ಸೆಕೆಂಡುಗಳ ರೂಪದಲ್ಲಿ ಕಾಲವೂ ಇರುವುವು.

ಇದರ ಹೊರತು ಸಿ.ಡಿ.ಆರ್. ಎಂಬ ಬೇರೊಂದು ದಾಖಲೆಯಿದೆ. ಅದು ಬಿಲ್ಲಿನ ದೃಷ್ಟಿಯಿಂದ ಹುಟ್ಟಿದ್ದು. ಅದರಲ್ಲಿ ಕರೆಯ ಒಟ್ಟು ಕಾಲವೊಂದು, ಕರೆಯನ್ನು ಸ್ವೀಕರಿಸಿದ ಕ್ಷಣದಿಂದ ಎಣಿಸಿದ ಕಾಲವೊಂದು, ಹೀಗೆ ಎರಡು ಸಂಖ್ಯೆಗಳಿರುತ್ತವೆ. ಹೊಸಬರು ಎರಡನೆಯದನ್ನೇ ಏಜೆಂಟಳು ಮಾತನಾಡಿದ ಕಾಲವೆಂದು ತಿಳಿದು ವರದಿ ಬರೆದುಬಿಡುವರು. ಆದರೆ ಅನೇಕ ಕಡೆ ಯಂತ್ರವೇ ಮೊದಲು ಕರೆಯನ್ನು ಸ್ವೀಕರಿಸಿ, ಸಂಗೀತ ಕೇಳಿಸುತ್ತಾ ಕಾಯಿಸುವುದು. ಆಗ ಕಾದ ನಾಲ್ಕು ನಿಮಿಷವೂ ಮಾತಿನ ಲೆಕ್ಕಕ್ಕೇ ಬೀಳುವುದು. ಎರಡೇ ನಿಮಿಷದಲ್ಲಿ ಕೆಲಸ ಮುಗಿಸಿಕೊಟ್ಟ ಹುಡುಗಿಯು ಆರು ನಿಮಿಷ ಎಳೆದಳೆಂದು ಕಾಗದ ಹೇಳುವುದು! ಮಾತಿನ ಕಾಲವನ್ನು ಕ್ಯೂ ಲಾಗಿನಿಂದ ತೆಗೆಯಬೇಕೇ ಹೊರತು ಬಿಲ್ಲಿನ ದಾಖಲೆಯಿಂದ ತೆಗೆಯಲಾಗದು.

ನಮ್ಮ ಪೇಟೆಯ ವರ್ತಕರ ಪದ್ಧತಿಯನ್ನು ಬಲ್ಲವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುವುದು. ಅಂಗಡಿಯಲ್ಲಿ ಕಿರ್ದಿ ಎಂಬ ಪುಸ್ತಕ ಬೇರೆ, ಖಾತೆಯ ಪುಸ್ತಕ ಬೇರೆ. ದಿನದ ವ್ಯವಹಾರಗಳು ನಡೆದ ಕ್ರಮದಲ್ಲಿಯೇ ಕಿರ್ದಿಗೆ ಏರುವುವು. ಅಲ್ಲಿ ಒಡೆದು ಅಳಿಸುವ ಹಾಗಿಲ್ಲ. ಅನಂತರ ಅದರಿಂದ ಹೆಸರು ಹೆಸರಿಗೆ ಖಾತೆಗಳನ್ನು ಎತ್ತಿ ಬರೆಯುವರು. ಖಾತೆಯಲ್ಲಿ ಸಂಶಯ ಬಂದರೆ ಕಿರ್ದಿಯನ್ನು ತೆರೆದು ನೋಡುವರು. ಕಾಲ್ ಸೆಂಟರಿನಲ್ಲಿ ಕ್ಯೂ ಲಾಗಿನಂತಹ ಘಟನೆಗಳ ದಾಖಲೆಯೇ ಕಿರ್ದಿ. ಅರ್ಧ ಗಂಟೆಗೊಂದು, ದಿನಕ್ಕೊಂದು, ಏಜೆಂಟರಿಗೊಂದು ಎಂಬಂತೆ ಕೂಡಿಸಿಟ್ಟ ಮೊತ್ತದ ಕೋಷ್ಟಕಗಳು ಖಾತೆ. ವರದಿಗಳನ್ನು ಖಾತೆಯಿಂದ ತೆಗೆಯುವುದು ಯುಕ್ತ. ಪ್ರತಿಸಾರಿಯೂ ತಿಂಗಳ ಲಕ್ಷಾಂತರ ಪಂಕ್ತಿಗಳನ್ನು ಮೊದಲಿಂದ ಎಣಿಸುವ ಶ್ರಮ ಅದರಿಂದ ತಪ್ಪುವುದು. ಆದರೆ ಮೊತ್ತಗಳು ಸಿದ್ಧವಾದುವೆಂದು ಕಿರ್ದಿಯನ್ನು ಎಸೆಯುವವರನ್ನೂ, ಇನ್ನೂ ಕೆಟ್ಟದಾಗಿ, ಮೊತ್ತ ಸರಿಹೊಂದಲಿಲ್ಲವೆಂದು ಕಿರ್ದಿಯ ಪಂಕ್ತಿಗಳನ್ನೇ ತಿದ್ದುವವರನ್ನೂ ನಾವು ಕಂಡಿದ್ದೇವೆ. ತಪ್ಪಾದಲ್ಲಿ ತಿದ್ದುಪಡಿಯ ಹೊಸ ಪಂಕ್ತಿಯೊಂದನ್ನು, ತಿದ್ದಿದವರ ಹೆಸರು, ದಿನ, ಕಾರಣಗಳೊಂದಿಗೆ ಸೇರಿಸತಕ್ಕದ್ದು, ಹಳೆಯದನ್ನು ಅಳಿಸತಕ್ಕದ್ದಲ್ಲ.

ಇನ್ನು ಈ ಪುಸ್ತಕಗಳನ್ನು ಎಲ್ಲಿ ಕುಳಿತು ಓದಬೇಕೆಂಬ ವಿಚಾರ. ಕೋಷ್ಟಕಗಳ ರೂಪದಲ್ಲಿ ಮಾಹಿತಿಯನ್ನಿಟ್ಟು, ಬೇಕಾದ ಪ್ರಶ್ನೆಯನ್ನು ಕೇಳಿ ಉತ್ತರ ಪಡೆಯುವ ಮಾರ್ಗವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್ ಎಂಬ ವಿದ್ವಾಂಸರು ೧೯೭೦ರಲ್ಲಿ ಪ್ರಕಟಿಸಿದರು. ಇಂದಿನ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮೊದಲಾದ ಡೇಟಾಬೇಸುಗಳೆಲ್ಲಾ ಆ ದಾರಿಯವೇ. ಪ್ರಶ್ನೆ ಕೇಳುವುದು ಬಹು ಸುಲಭವಾದುದರಿಂದಲೇ ಅಪಾಯವೂ ಹೆಚ್ಚು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಕರೆಗಳು ಮಳೆಯಂತೆ ಸುರಿಯುತ್ತಿರುವಾಗ, ಮೇಲಿನ ಅಧಿಕಾರಿಯೊಬ್ಬರಿಗೆ ಕಳೆದ ಆರು ತಿಂಗಳ ಲೆಕ್ಕ ಬೇಕೆನಿಸುವುದು. ಗುಂಡಿ ಒತ್ತುವರು. ಅದೇ ಡೇಟಾಬೇಸಿನಿಂದಲೇ ಏಜೆಂಟರ ಪರದೆಗಳಿಗೂ ಕರೆದವರ ವಿವರ ಬರಬೇಕಷ್ಟೆ. ಅದು ಈಗ ಆರು ತಿಂಗಳ ಪಂಕ್ತಿಗಳನ್ನು ಎಣಿಸುವುದರಲ್ಲಿ ಮುಳುಗಿರುವುದು. ಮದುವೆಯ ಮನೆಯಲ್ಲಿ ಪಂಕ್ತಿ ಕುಳಿತಿರುವಾಗ ಉಗ್ರಾಣದವನು ಬಂದು, ಬಡಿಸುವವರ ಕೈಯ ಸೌಟು ಪಾತ್ರೆಗಳನ್ನು ಇಸಿದುಕೊಂಡು ಎಣಿಸತೊಡಗಿದರೆ ಹೇಗೋ ಹಾಗೆ. ಎಲೆಯ ಮುಂದೆ ಕುಳಿತವರು ಕಾಯುವರು. ವಿಚಿತ್ರವೇನೆಂದರೆ, ಆ ಹೊತ್ತಿನಲ್ಲಿ ಕಾಯುವ ಕಾಲ ಏಕೆ ಹೆಚ್ಚಿತೆಂದು ಮಾರನೆಯ ದಿನ ಏಜೆಂಟರನ್ನೇ ಕೇಳುವರು.

ಆದಕಾರಣ ವರದಿಗಾಗಿ ಡೇಟಾಬೇಸಿನ ಪ್ರತಿಯೊಂದನ್ನು ಬೇರೆ ಸರ್ವರಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಮೂಲದಲ್ಲಿ ಬಿದ್ದ ಪ್ರತಿಯೊಂದು ಪಂಕ್ತಿಯೂ ಕೆಲವು ಕ್ಷಣಗಳಲ್ಲಿ ಆ ಪ್ರತಿಗೂ ಬಂದು ಸೇರುವಂತೆ ಮಾಡುವ ಏರ್ಪಾಡು ಮೇಲೆ ಹೇಳಿದ ಎರಡು ಡೇಟಾಬೇಸುಗಳಲ್ಲಿಯೂ ಉಂಟು. ಪ್ರತಿಯು ಕೆಲವು ವೇಳೆ ಹಿಂದೆ ಬೀಳುವುದರಿಂದ, ಪ್ರತಿಯೊಂದು ವರದಿಯ ನೆತ್ತಿಯ ಮೇಲೂ ಇದು ಇಷ್ಟು ಗಂಟೆ ಇಷ್ಟು ನಿಮಿಷದವರೆಗಿನ ಲೆಕ್ಕ ಎಂದು ಅಚ್ಚಾಗಿರಲೇಬೇಕು. ಗೋಡೆಯ ಮೇಲಿನ ಪರದೆಗೆ ಬೇಕಾದದ್ದು ಈ ಕ್ಷಣದ ಸಣ್ಣ ಲೆಕ್ಕ. ತಿಂಗಳ ಲೆಕ್ಕ ಬೇರೆ ಜಾತಿಯದು, ಅದು ಕರೆಗಳು ಕಡಿಮೆಯಿರುವ ಹೊತ್ತಿನಲ್ಲಿ ತಾನಾಗಿ ಸಿದ್ಧವಾಗಲಿ. ಕಾಲದ ಅಂಕಣಕ್ಕೆ ಇಂಡೆಕ್ಸ್ ಇರಬೇಕು, ಇಂತಹ ದಿನದಿಂದ ಇಂತಹ ದಿನದವರೆಗೆ ಎಂಬ ಎಲ್ಲೆಯಿಲ್ಲದೆ ಯಾವ ಪ್ರಶ್ನೆಯನ್ನೂ ಕೇಳಲು ಬಿಡಬಾರದು. ಇವನ್ನು ಬಲ್ಲವರಿಗೆ ಹೆಚ್ಚು ವಿವರಿಸುವ ಅವಶ್ಯವಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ಹಿತಕ್ಕೆ ಸಂಬಂಧಪಟ್ಟದ್ದು. ಮನುಷ್ಯರ ಹಿತಕ್ಕೆ ಸಂಬಂಧಪಟ್ಟದ್ದರಲ್ಲಿ ಕಾಲದ ವಿಷಯವನ್ನು ಮೊದಲು ಹೇಳಬೇಕು. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ.

ನಾವು ಕೆಲಸ ಮಾಡುತ್ತಿದ್ದ ಒಂದು ಕಡೆ ರಾತ್ರಿ ಒಂಬತ್ತೂವರೆಯಿಂದ ಬೆಳಿಗ್ಗೆ ಆರೂವರೆಯವರೆಗಿನ ಪಾಳಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕಡಿಮೆ ಮಾತಿನವಳು, ಕೆಲಸದಲ್ಲಿ ಶ್ರದ್ಧೆಯುಳ್ಳವಳು. ಮೂರು ತಿಂಗಳು ಸತತವಾಗಿ ಆಕೆಯ ಹಾಜರಿಯ ವರದಿಯಲ್ಲಿ ಒಂದೇ ವಿಧವಾದ ದೋಷ ಕಾಣುತ್ತಿತ್ತು: ಪ್ರತಿ ವಾರವೂ, ವಾರದ ರಜೆ ಕಳೆದು ಬಂದ ಮೊದಲನೆಯ ರಾತ್ರಿ, ಒಂಬತ್ತು ಗಂಟೆಗೆ ಬದಲಾಗಿ ಎಂಟೇ ಗಂಟೆ ಕೆಲಸ. ಮಿಕ್ಕ ರಾತ್ರಿಗಳೆಲ್ಲಾ ಸರಿ. ರಜೆಯ ಮರುದಿನ ಮನಸ್ಸಿಲ್ಲದೆ ಬಂದು ಒಂದು ಗಂಟೆ ಮುಂಚಿತವಾಗಿ ಹೊರಟುಹೋಗುವಳೆಂದು ಅರ್ಥಮಾಡಿಕೊಂಡರು. ಆಕೆಗೆ ಎಚ್ಚರಿಕೆಯ ಪತ್ರ ಹೋಯಿತು. ಆ ವರದಿಯನ್ನು ಬರೆದುಕೊಟ್ಟವರು ನಾವೇ. ಆಕೆ ನಮ್ಮ ಮೇಜಿನ ಬಳಿಗೆ ಬಂದು, "ಮೇಡಂ, ನಮ್ಮನ್ನು ಮನೆಗೆ ಬಿಡುವ ಕ್ಯಾಬ್ ಹೊರಡುವುದೇ ಆರೂಮುಕ್ಕಾಲಿಗೆ. ಐದೂವರೆಗೆ ನಾನು ಎಲ್ಲಿಗೆ ಹೋಗಲಿ?" ಎಂದಳು. ಸಂಖ್ಯೆಗಳು ಸುಳ್ಳು ಹೇಳಲಾರವು ಎಂದು ನಾವು ಉತ್ತರಕೊಟ್ಟೆವು. ಇದನ್ನು ಬರೆಯುವಾಗ ಈಗಲೂ ನಮಗೆ ನಾಚಿಕೆಯಾಗುತ್ತದೆ.

ಐದೂವರೆ ಎಂದು ಆಕೆ ಹೇಳಿದ ಮಾತು ನಮ್ಮ ಕಿವಿಯಲ್ಲಿ ಉಳಿಯಿತು. ನಮ್ಮ ದೇಶದ ಗಡಿಯಾರವು ಯು.ಟಿ.ಸಿ. ಎಂಬ ಲೋಕಮಾನದ ಗಡಿಯಾರಕ್ಕಿಂತ ಐದೂವರೆ ಗಂಟೆ ಮುಂದಿರುವುದು. ಸರ್ವರು ಕಾಲವನ್ನು ಲೋಕಮಾನದಲ್ಲಿ ಬರೆಯುತ್ತಿತ್ತು. ಅದು ಸರಿಯಾದ ಪದ್ಧತಿಯೇ. ಆದರೆ ದಿನದ ಮೊತ್ತವನ್ನು ಹಾಕುವಾಗಲೂ ಲೋಕಮಾನದ ತಾರೀಖನ್ನೇ ಹಿಡಿದಿದ್ದೆವು. ಅಂದರೆ ನಮ್ಮ ಬೆಳಗಿನ ಐದೂವರೆಗೆ ವರದಿಯ ದಿನ ಬದಲಾಗುತ್ತಿತ್ತು. ಆಕೆಯ ಪಾಳಿಯ ಮೊದಲ ಎಂಟು ಗಂಟೆ ಒಂದು ದಿನಕ್ಕೂ, ಕೊನೆಯ ಒಂದು ಗಂಟೆ ಮರುದಿನಕ್ಕೂ ಹೋಗುತ್ತಿತ್ತು. ವಾರದ ನಡುವಿನ ದಿನಗಳಲ್ಲಿ ಹಿಂದಿನ ಪಾಳಿಯ ಒಂದು ಗಂಟೆಯೂ ಅಂದಿನ ಎಂಟು ಗಂಟೆಯೂ ಕೂಡಿ ಒಂಬತ್ತಾಗಿ ಲೆಕ್ಕ ಸರಿಹೊಂದುತ್ತಿತ್ತು. ಮೊದಲನೆಯ ದಿನಕ್ಕೆ ಮಾತ್ರ ಹಿಂದಿನಿಂದ ಬರುವ ಗಂಟೆಯಿಲ್ಲ; ಆದುದರಿಂದ ಎಂಟು. ಕೊನೆಯ ಪಾಳಿಯ ಒಂದು ಗಂಟೆ ರಜೆಯ ದಿನದಲ್ಲಿ ಬಿದ್ದು, ರಜೆಯ ದಿನವನ್ನು ಯಾರೂ ನೋಡದಿದ್ದುದರಿಂದ ಮಾಯವಾಗುತ್ತಿತ್ತು. ಹಗಲು ಪಾಳಿಯವರಿಗೆ ಈ ಬಾಧೆಯೇ ಇರಲಿಲ್ಲ. ಆ ಹೊತ್ತಿಗೆ ರಾತ್ರಿ ಪಾಳಿಯಲ್ಲಿ ಕೆಲವರೇ ಇದ್ದು, ಅವರಲ್ಲಿ ಎಲ್ಲರಿಗೂ ಇದೇ ಕೊರತೆಯಿತ್ತೆಂಬುದನ್ನು ನಾವು ಅನಂತರ ಕಂಡೆವು. ಕ್ಯಾಬಿನ ಚಾಲಕರು ಸಹಿ ಹಾಕಿಸಿಕೊಂಡಿದ್ದ ಟ್ರಿಪ್ ಶೀಟುಗಳನ್ನು ತರಿಸಿ ಹೋಲಿಸಿದಾಗ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಎಚ್ಚರಿಕೆಯ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಆಕೆ ರಾಜೀನಾಮೆ ಕೊಟ್ಟಿದ್ದಳು. ಪತ್ರ ಹಿಂತೆಗೆದ ಸಂಗತಿಯನ್ನು ನಾವು ಫೋನಿನಲ್ಲಿ ತಿಳಿಸಿದಾಗ "ಆಗಲಿ, ಮೇಡಂ" ಎಂದಷ್ಟೇ ಹೇಳಿದಳು.

ಆದುದರಿಂದ ಕಾಲವನ್ನು ಬರೆದಿಡುವುದು ಲೋಕಮಾನದಲ್ಲಿರಲಿ, ದಿನವನ್ನು ಕತ್ತರಿಸುವುದು ಮಾತ್ರ ಕೆಲಸಗಾರರ ಪಾಳಿಗೆ ಸರಿಯಾಗಿರಲಿ. ಪಾಳಿ ಆರಂಭವಾದ ದಿನಕ್ಕೇ ಇಡೀ ಪಾಳಿ ಸೇರತಕ್ಕದ್ದು. ಅಮೇರಿಕದವರ ಕರೆಗಳನ್ನು ಕೇಳುವ ಕಡೆ ಇನ್ನೊಂದು ತೊಡಕುಂಟು. ಆ ದೇಶದ ಬಹುಭಾಗದಲ್ಲಿ ಮಾರ್ಚಿಯ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ನವಂಬರಿನ ಮೊದಲನೆಯ ಭಾನುವಾರ ಹಿಂದಕ್ಕೂ ತಿರುಗಿಸುವರು. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆಯು ನಮಗೆ ಚಳಿಗಾಲದಲ್ಲಿ ರಾತ್ರಿ ಏಳೂವರೆ, ಬೇಸಿಗೆಯಲ್ಲಿ ಸಂಜೆ ಆರೂವರೆ. ನವಂಬರಿನ ಆ ದಿನ ಅಲ್ಲಿ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುವುದು. ಅಲ್ಲಿಯ ಗೋಡೆಯ ಗಡಿಯಾರದ ಹೊತ್ತನ್ನೇ ಬರೆದಿಟ್ಟಿದ್ದರೆ, ಎರಡು ಗಂಟೆಗಳ ಕರೆಗಳು ಒಂದರಲ್ಲಿ ಬೆರೆತು, ಬೇರ್ಪಡಿಸುವ ಉಪಾಯವೇ ಇರುವುದಿಲ್ಲ.

ಎರಡನೆಯ ವಿಷಯ, ಶಬ್ದಗಳ ಅರ್ಥ. ಕಾಲ್ ಸೆಂಟರಿನವರು ಸರ್ವೀಸ್ ಲೆವೆಲ್ ಎಂದು ಒಂದನ್ನು ಹೇಳುವರು. ನೂರಕ್ಕೆ ಎಂಬತ್ತು ಕರೆಗಳನ್ನು ಇಪ್ಪತ್ತು ಸೆಕೆಂಡುಗಳೊಳಗೆ ಎತ್ತಬೇಕೆಂಬುದು ಬಹಳ ಕಡೆ ಇಟ್ಟುಕೊಂಡಿರುವ ಗುರಿ. ಒಂದು ದಿನ ೧೦೦ ಕರೆಗಳು ಬಂದುವೆನ್ನೋಣ. ೭೦ನ್ನು ಇಪ್ಪತ್ತು ಸೆಕೆಂಡಿನೊಳಗೆ ಎತ್ತಿದರು, ೧೫ನ್ನು ತಡವಾಗಿ ಎತ್ತಿದರು, ಮಿಕ್ಕ ೧೫ ಮಂದಿ ಕಾದು ಬಿಟ್ಟುಹೋದರು; ಅವರಲ್ಲಿ ೫ ಮಂದಿ ಐದು ಸೆಕೆಂಡೂ ಕಾಯದೆ ಕೆಳಗಿಟ್ಟವರು. ಈಗ ಸರ್ವೀಸ್ ಲೆವೆಲ್ ಎಷ್ಟು? ಬಂದ ಕರೆಗಳೆಲ್ಲವನ್ನೂ ಹಿಡಿದರೆ ನೂರಕ್ಕೆ ೭೦. ಎತ್ತಿದ ೮೫ ಕರೆಗಳನ್ನು ಮಾತ್ರ ಹಿಡಿದರೆ ೮೨. ಐದು ಸೆಕೆಂಡೂ ನಿಲ್ಲದವರನ್ನು ಬಿಟ್ಟು ೯೫ಕ್ಕೆ ಲೆಕ್ಕಹಾಕಿದರೆ ೭೪. ದಿನ ಒಂದೇ, ಕಿರ್ದಿ ಒಂದೇ, ಉತ್ತರ ಮೂರು. ಗುರಿ ಮುಟ್ಟಿದ್ದು ಒಂದರಲ್ಲಿ ಮಾತ್ರ. ಆ ಒಂದೇ ಏಕೆ ಹೆಚ್ಚಾಗಿ ಬಳಕೆಗೆ ಬರುವುದೆಂದು ವಾಚಕರು ಊಹಿಸಬಹುದು. ಬಿಟ್ಟುಹೋದವರು ಆ ಲೆಕ್ಕದಲ್ಲಿ ಹುಟ್ಟಲೇ ಇಲ್ಲ!

ಯಾವುದನ್ನು ಆರಿಸಿದರೂ ಅದನ್ನು ಬರಹದಲ್ಲಿಟ್ಟು, ವರದಿಯ ಅಡಿಯಲ್ಲಿ ಅಚ್ಚುಹಾಕಿ, ತಿಂಗಳಿಂದ ತಿಂಗಳಿಗೆ ಬದಲಿಸದಿರುವುದು ಮುಖ್ಯ. ಆದರೂ ನಮ್ಮ ಅಭಿಪ್ರಾಯವನ್ನು ಮರೆಮಾಚುವುದಿಲ್ಲ. ಮೊಬೈಲ್ ರೀಚಾರ್ಜಿನ ವಿಚಾರಣೆಗೆ ಬಂದ ಮೂರು ಸೆಕೆಂಡಿನ ಕರೆಯನ್ನು ಕೈತಪ್ಪಿ ಬಂದದ್ದೆಂದು ಬಿಡಬಹುದು. ೧೧೨ ಎಂಬ ತುರ್ತು ಸಂಖ್ಯೆಗೋ ೧೮೧ ಎಂಬ ಮಹಿಳಾ ಸಹಾಯವಾಣಿಗೋ ಬಂದು ಮೂರು ಸೆಕೆಂಡಿಗೆ ನಿಂತುಹೋದ ಕರೆಯನ್ನು ಹಾಗೆ ಬಿಡಲಾಗದು. ಕರೆದವಳ ಕೈಯಿಂದ ಫೋನನ್ನು ಯಾರಾದರೂ ಕಸಿದುಕೊಂಡಿರಬಹುದಷ್ಟೆ. ಅಂತಹ ಕಡೆ ಬಿಟ್ಟುಹೋದ ಕರೆಗಳ ಮೊತ್ತವೊಂದೇ ಸಾಲದು. ಅವುಗಳಲ್ಲಿ ಎಷ್ಟಕ್ಕೆ ತಿರುಗಿ ಕರೆ ಮಾಡಲಾಯಿತು, ಎಷ್ಟು ಹೊತ್ತಿನೊಳಗೆ, ಉತ್ತರ ದೊರೆತದ್ದು ಎಷ್ಟಕ್ಕೆ ಎಂಬ ಅಂಕಣಗಳೂ ವರದಿಯಲ್ಲಿರಬೇಕು.

ಸರಾಸರಿಗಳ ವಿಷಯದಲ್ಲಿ ನಮ್ಮ ಶಾಲೆಯ ಗಣಿತದ ಪಾಠವನ್ನು ನೆನಪಿಸಿಕೊಂಡರೆ ಸಾಕು. ಒಂಬತ್ತು ಮಂದಿ ಹತ್ತು ಹತ್ತು ಸೆಕೆಂಡು ಕಾದರು, ಹತ್ತನೆಯವರು ಹತ್ತು ನಿಮಿಷ ಕಾದರು. ಸರಾಸರಿ ೬೯ ಸೆಕೆಂಡು. ಅಷ್ಟು ಹೊತ್ತು ಕಾದವರು ಆ ಹತ್ತು ಮಂದಿಯಲ್ಲಿ ಒಬ್ಬರೂ ಇಲ್ಲ. ಆದುದರಿಂದ ಸರಾಸರಿಯ ಪಕ್ಕದಲ್ಲಿ ಸಾಲಿನ ನಡುವಿನವರು ಕಾದದ್ದೆಷ್ಟು, ಎಲ್ಲರಿಗಿಂತ ಹೆಚ್ಚು ಕಾದದ್ದೆಷ್ಟು ಎಂಬ ಎರಡು ಸಂಖ್ಯೆಗಳನ್ನೂ ಕೊಡತಕ್ಕದ್ದು. ಸರಾಸರಿಗಳ ಸರಾಸರಿಯಂತೂ ಸಲ್ಲದು. ಹಗಲು ೧೦೦ ಕರೆಗಳು, ಸರಾಸರಿ ೨ ನಿಮಿಷ. ರಾತ್ರಿ ೧೦ ಕರೆಗಳು, ಸರಾಸರಿ ೯ ನಿಮಿಷ. ಎರಡನ್ನೂ ಕೂಡಿಸಿ ಅರ್ಧಮಾಡಿದರೆ ಐದೂವರೆ ನಿಮಿಷವೆಂದು ಬರುವುದು; ನಿಜವಾದ ಸರಾಸರಿ ೨ ನಿಮಿಷ ೩೮ ಸೆಕೆಂಡು. ಖಾತೆಯಲ್ಲಿ ಸರಾಸರಿಯನ್ನು ಬರೆದಿಡದೆ, ಕರೆಗಳ ಸಂಖ್ಯೆಯನ್ನೂ ಒಟ್ಟು ಸೆಕೆಂಡುಗಳನ್ನೂ ಬರೆದಿಟ್ಟು, ಭಾಗಾಕಾರವನ್ನು ಕಡೆಯಲ್ಲಿ ಮಾಡುವುದೇ ಇದಕ್ಕೆ ಪರಿಹಾರ.

ಕರೆಯನ್ನು ಎಣಿಸುವುದರಲ್ಲಿಯೂ ಸೂಕ್ಷ್ಮವಿದೆ. ಒಬ್ಬನು ಒಂದೇ ಸಲ ಕರೆದು, ಮೊದಲನೆಯ ಮೇಜಿನಿಂದ ಎರಡನೆಯದಕ್ಕೂ ಅಲ್ಲಿಂದ ಮೂರನೆಯದಕ್ಕೂ ವರ್ಗವಾದನು. ದಾಖಲೆಯಲ್ಲಿ ಮೂರು ತುಂಡುಗಳು ಬೀಳುವುವು. ಕರೆದವನ ಪಾಲಿಗೆ ಅದು ಒಂದು ಕರೆ. ಕೆಲಸ ಮಾಡಿದವರ ಪಾಲಿಗೆ ಮೂರು. ಎರಡು ಲೆಕ್ಕಗಳೂ ನಿಜವೇ, ಆದರೆ ಬೇರೆ ಬೇರೆ ಹೆಸರಿನಿಂದ ಇರಬೇಕು. ಈ ಮೂರು ತುಂಡುಗಳ ಕೋಷ್ಟಕಕ್ಕೆ, ಅದೇ ಕರೆಯ ಮೇಲೆ ಬರೆದ ಎರಡು ಟಿಪ್ಪಣಿಗಳ ಕೋಷ್ಟಕವನ್ನು ಅಜಾಗ್ರತೆಯಿಂದ ಜೋಡಿಸಿದರೆ ಒಂದು ಕರೆ ಆರಾಗುವುದು. ವರದಿಯ ಮೊತ್ತವು ಕಿರ್ದಿಯ ಮೊತ್ತಕ್ಕಿಂತ ಹೆಚ್ಚಿದ್ದರೆ ಮೊದಲು ಇದನ್ನೇ ಹುಡುಕಬೇಕು. ಪ್ರತಿ ತಿಂಗಳೂ ಟೆಲಿಫೋನ್ ಕಂಪನಿಯ ಬಿಲ್ಲಿನಲ್ಲಿರುವ ಕರೆಗಳ ಸಂಖ್ಯೆಯೊಡನೆ ನಮ್ಮ ಸಂಖ್ಯೆಯನ್ನು ಹೋಲಿಸುವ ಅಭ್ಯಾಸವನ್ನು ನಾವು ಇಟ್ಟುಕೊಂಡಿದ್ದೆವು. ಎರಡೂ ಅಕ್ಷರಶಃ ಒಂದಾಗುವುದಿಲ್ಲ, ಆದರೆ ಅಂತರವು ತಿಂಗಳಿಂದ ತಿಂಗಳಿಗೆ ಒಮ್ಮೆಲೇ ಬೆಳೆದರೆ ಎಲ್ಲಿಯೋ ಸೋರುತ್ತಿರುವುದೆಂದು ತಿಳಿಯಬಹುದು.

ಏಜೆಂಟರನ್ನು ಒಬ್ಬರೊಡನೊಬ್ಬರನ್ನು ಹೋಲಿಸುವ ವರದಿಯು ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆಯನ್ನು ಬೇಡುವುದು. ಕರೆಯೊಂದಕ್ಕೆ ತೆಗೆದುಕೊಂಡ ಕಾಲವು ಕಡಿಮೆಯಾದಷ್ಟೂ ಒಳ್ಳೆಯವಳೆಂದು ಪಟ್ಟಿ ಹಾಕಿದರೆ, ಮಾತನ್ನು ಅರ್ಧಕ್ಕೆ ಮುಗಿಸುವವಳು ಮೇಲಕ್ಕೇರುವಳು. ಸಮಸ್ಯೆ ತೀರದ ಗಿರಾಕಿಯು ಮರುದಿನ ಮತ್ತೆ ಕರೆಯುವನು. ಆ ಕರೆ ಇನ್ನೊಬ್ಬಳ ಪಾಲಿಗೆ, ಕೋಪದ ಸಹಿತ ಬೀಳುವುದು. ಆದುದರಿಂದ ಅದೇ ನಂಬರಿನಿಂದ ಕೆಲವು ದಿನಗಳೊಳಗೆ ಮತ್ತೆ ಬಂದ ಕರೆಗಳೆಷ್ಟು ಎಂಬುದನ್ನು, ಮೊದಲು ಮಾತನಾಡಿದವಳ ಹೆಸರಿಗೆ ಕಟ್ಟಿ, ಪಕ್ಕದಲ್ಲಿಯೇ ತೋರಿಸಬೇಕು. ಕಷ್ಟವಾದ ಕರೆಗಳ ಸಾಲಿನಲ್ಲಿ ಕುಳಿತವಳನ್ನು ಸುಲಭದ ಸಾಲಿನವಳೊಡನೆ ಹೋಲಿಸಬಾರದು. ಮೂವತ್ತು ಕರೆಗಳ ಮೇಲೆ ಕಟ್ಟಿದ ಸಂಖ್ಯೆಯನ್ನು ಮೂರು ಸಾವಿರದ ಮೇಲೆ ಕಟ್ಟಿದ ಸಂಖ್ಯೆಯಂತೆ ನಂಬಬಾರದು.

ಮತ್ತೊಂದು ಸಂಗತಿಯನ್ನು ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞರು ಬಹು ಹಿಂದೆಯೇ ತೋರಿಸಿಕೊಟ್ಟರು. ಅವರು ೧೯೦೮ರಿಂದ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದು, ೧೯೦೯ರಲ್ಲಿಯೂ ೧೯೧೭ರಲ್ಲಿಯೂ ಕರೆಗಳ ಬರವು ಮತ್ತು ಕಾಯುವಿಕೆಯ ಮೇಲೆ ಬರೆದ ಲೇಖನಗಳು ಇಂದಿಗೂ ಈ ಶಾಸ್ತ್ರಕ್ಕೆ ತಳಹದಿಯಾಗಿವೆ. ಗಂಟೆಗೆ ೧೨೦ ಕರೆಗಳು, ಒಂದೊಂದಕ್ಕೆ ಐದು ನಿಮಿಷದ ಕೆಲಸ. ಅಂದರೆ ೬೦೦ ನಿಮಿಷಗಳ ಕೆಲಸ, ಹತ್ತು ಜನರ ಪೂರ್ಣ ಒಂದು ಗಂಟೆ. ಹಾಗಾದರೆ ಹತ್ತು ಜನರನ್ನು ಕೂರಿಸಿದರೆ ಸಾಕೆಂದು ತೋರುವುದು. ಸಾಲದು. ಕರೆಗಳು ಅಳತೆಮಾಡಿದಂತೆ ಅರ್ಧ ನಿಮಿಷಕ್ಕೊಂದರಂತೆ ಬರುವುದಿಲ್ಲ. ಒಮ್ಮೆ ಐದು ಒಟ್ಟಿಗೆ ಬರುವುವು, ಒಮ್ಮೆ ಯಾವುದೂ ಇಲ್ಲ. ಬರಿದಾಗಿ ಹೋದ ನಿಮಿಷಗಳನ್ನು ಮತ್ತೆ ಪಡೆಯಲಾಗದು, ಆದುದರಿಂದ ಹತ್ತೇ ಜನರಿದ್ದಲ್ಲಿ ಸಾಲು ಬೆಳೆಯುತ್ತಲೇ ಹೋಗುವುದು. ಅಂತಹ ದಿನದ ವರದಿಯಲ್ಲಿ ಕಾಯುವಿಕೆ ಹೆಚ್ಚಾಗಿ ಕಂಡರೆ ದೋಷವು ಕುಳಿತವರದ್ದಲ್ಲ, ಕೂರಿಸಿದವರದ್ದು. ಒಂದೊಂದು ಅರ್ಧ ಗಂಟೆಗೂ ಬಂದ ಕರೆಗಳ ಪಕ್ಕದಲ್ಲಿ ಆಗ ಕೆಲಸದಲ್ಲಿದ್ದವರ ಸಂಖ್ಯೆಯನ್ನು ಅಚ್ಚುಹಾಕಿದರೆ ಇದು ತಾನಾಗಿಯೇ ಗೋಚರವಾಗುವುದು. ಆ ಅಂಕಣವನ್ನು ಬಿಟ್ಟುಬಿಡಿರೆಂದು ನಮಗೆ ಹೇಳಿದವರೂ ಇದ್ದರು.

ಗಿರಾಕಿಗಳ ವಿಷಯದಲ್ಲಿಯೂ ಒಂದು ಮಾತು. ಕರೆದವರ ಹೆಸರು, ನಂಬರು, ಕೆಲವು ವೇಳೆ ರೋಗದ ವಿವರ, ಸಾಲದ ವಿವರ ಇವೆಲ್ಲಾ ದಾಖಲೆಯಲ್ಲಿರುವುವು. ತಿಂಗಳ ಮೊತ್ತವನ್ನು ನೋಡುವ ಅಧಿಕಾರಿಗೆ ಇವುಗಳಲ್ಲಿ ಒಂದೂ ಬೇಕಿಲ್ಲ. ಆದುದರಿಂದ ವರದಿಯ ಸರ್ವರಿಗೆ ಪ್ರತಿ ಮಾಡುವಾಗಲೇ ನಂಬರಿಗೆ ಬದಲಾಗಿ ಗುರುತಿನ ಚಿಹ್ನೆಯೊಂದನ್ನಿಟ್ಟರೆ ಒಳ್ಳೆಯದು. ನಮ್ಮ ದೇಶದಲ್ಲಿ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಅಂಗೀಕೃತವಾಯಿತು. ಕಾಯಿದೆಯಿಲ್ಲದಿದ್ದರೂ, ಗಿರಾಕಿಗಳ ನಂಬರುಗಳಿರುವ ಎಕ್ಸೆಲ್ ಹಾಳೆಯನ್ನು ಇಮೇಲಿನಲ್ಲಿ ಇಪ್ಪತ್ತು ಜನರಿಗೆ ಕಳುಹಿಸುವ ಪದ್ಧತಿಯು ಸಭ್ಯವಾದದ್ದಲ್ಲ.

ಕೊನೆಯದಾಗಿ, ಈ ಕೆಲಸದಲ್ಲಿರುವ ನಮ್ಮ ಹುಡುಗಿಯರಿಗೆ ಹೇಳುವುದೇನೆಂದರೆ, ಅಂಕಗಳ ಕಾಗದವನ್ನು ಕೈಗೆ ಕೊಟ್ಟಾಗ, ಇದು ಯಾವ ಗಂಟೆಯಿಂದ ಯಾವ ಗಂಟೆಯವರೆಗಿನ ಲೆಕ್ಕ, ಯಾವ ಗಡಿಯಾರದ ಪ್ರಕಾರ, ವರ್ಗವಾದ ಕರೆಗಳನ್ನು ಯಾರ ಹೆಸರಿಗೆ 
ಹಿಡಿದಿದ್ದೀರಿ ಎಂದು ವಿನಯದಿಂದ ಕೇಳಲು ಅಂಜಬೇಡಿರಿ. ಲಾಗಿನ್ ಆದ ಹೊತ್ತನ್ನೂ ಹೊರಟ ಹೊತ್ತನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ವರದಿ ಬರೆಯುವವರು ತಾವು ಕೇಳಿದ ಪ್ರಶ್ನೆಯ ಪಾಠವನ್ನು, ಅಂದರೆ ಡೇಟಾಬೇಸಿಗೆ ಕೊಟ್ಟ ಆಜ್ಞೆಯನ್ನು, ತಾರೀಖು ಹಾಕಿ ವರದಿಯ ಜೊತೆಗೇ ಕಾದಿಡತಕ್ಕದ್ದು. ಮಾರ್ಚಿಯ ವರದಿಯನ್ನು ಜೂನಿನಲ್ಲಿ ಮತ್ತೆ ತೆಗೆದರೂ ಅದೇ ಸಂಖ್ಯೆಗಳು ಬರಬೇಕು. ಯಾರ ಮೇಲಾದರೂ ಕ್ರಮ ಕೈಗೊಳ್ಳುವುದಕ್ಕೆ ಮುಂಚೆ, ಆಕೆಯ ಹತ್ತು ಕರೆಗಳನ್ನು ಆರಿಸಿ ಕಿರ್ದಿಯ ಪಂಕ್ತಿಗಳೊಡನೆ ಆಕೆಯ ಎದುರಿನಲ್ಲಿಯೇ ಕೈಯಿಂದ ತಾಳೆನೋಡಬೇಕು. ಅದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಆ ರಾತ್ರಿ ಪಾಳಿಯ ಪ್ರಸಂಗವಾದ ಮೇಲೆ ನಾವು ಇದನ್ನು ತಪ್ಪದೆ ಮಾಡುತ್ತಾ ಬಂದೆವು.